ಮುಂದಿನವಳು ದಾಟಲಿ

ಒಣಗಿದ ವಿಲೋ ಗಿಡದ ಕೊಂಬೆ, ದಿಬ್ಬದ ನೆತ್ತಿಯಲ್ಲಿ ಒಂದೇ ಒಂದು, ಆಕಾಶದ ಮೇಲೆ ಇದ್ದಿಲಲ್ಲಿ ಗೀಚಿದ ಹಾಗೆ — ಅಲುಗಿತು, ಗಾಳಿಗಿರಬೇಕು, ಇಲ್ಲ, ಗಾಳಿ ಇರುವುದು ಹೊಳೆಯ ಮೇಲೆ, ದಕ್ಷಿಣದಿಂದ, ನೇರ ಮುಖಕ್ಕೆ, ಅಲ್ಲಿ ಮೇಲೆ ಹುಲ್ಲು ಕೂಡ ಮಿಸುಕುತ್ತಿಲ್ಲ, ಆದರೂ ಅಲುಗಿತು, ಒಂದಿದ್ದದ್ದು ಎರಡಾಯಿತು, ಎರಡರ ಬುಡದಲ್ಲಿ ಒಂದು ಕಿವಿ ಮೂಡಿತು, ಅಷ್ಟರಲ್ಲಿ ಪ್ರವಾಸದ ಗೈಡು ವಿನ್ನಿಯ ಕೈಗಳು ಅವಳ ಅಪ್ಪಣೆಗೂ ಕಾಯದೆ ಹುಟ್ಟುಗಳನ್ನು ಹಿಂದಕ್ಕೆ ಹಾಕಿದ್ದವು, ರಾಫ್ಟಿನ ಮೂತಿ ತಿರುಗಿ, ರಬ್ಬರು ಕಲ್ಲಿಗುಜ್ಜಿ, ದಡದ ಮಗ್ಗುಲಿನ ನಿಂತ ನೀರಿಗೆ ಜಾರಿತ್ತು. ಏನಮ್ಮಾ, ಊಟಕ್ಕಾ, ಅಂದ ವಾಲ್ಟ್ ಮುಂದೆ ಕೂತಲ್ಲಿಂದ, ಓಹಾಯೋದಲ್ಲಿ ಮೂವತ್ತೆಂಟು ವರ್ಷ ಗೂಡ್ಸ್ ಗಾಡಿ ಓಡಿಸಿ ನಿವೃತ್ತನಾದ ವಾಲ್ಟ್, ಅವನಿಗೆ ಎಲ್ಲಿ ನಿಂತರೂ ಊಟದ ನಿಲ್ದಾಣವೇ, ವಿನ್ನಿ ಬೆರಳು ತುಟಿಗಿಟ್ಟಳು, ಅವನ ಹೆಂಡತಿ ಲೋರ್ನಾ ಬೆರಳನ್ನು ನೋಡಿ ದಿಬ್ಬ ನೋಡಿ ಕೈಯಲ್ಲಿದ್ದ ಬಿಸ್ಕತ್ತನ್ನು ಬಾಯಿಗೂ ಹಾಕದೆ ಪೊಟ್ಟಣಕ್ಕೂ ಹಾಕದೆ ಹಾಗೇ ಹಿಡಿದಳು, ಹಿಂದಿನಿಂದ ಸಾಮಾನಿನ ರಾಫ್ಟು ತಂದ ಟ್ಯಾಡ್, ಸಹಾಯಕ ಗೈಡು, ಕೊಲರಾಡೋದವನು, ಮೊದಲ ಸಲ ಈ ಉತ್ತರಕ್ಕೆ ಬಂದವನು, ಏನಾಯ್ತು ಬಾಸು, ತೂತಾಯ್ತಾ, ಅಂತ ಕೂಗಬೇಕೆಂದು ಬಾಯಿ ತೆರೆದವನು ಅವಳ ಅಂಗೈ ಕಂಡು ಮುಚ್ಚಿದ. ಬಂದವು. ದೇವರೇ, ಬಂದವು. ಕೊಂಬಿನ ಹಿಂದೆ ಕೊಂಬು, ಬೆಟ್ಟದ ಬೆನ್ನಿಗೆ ಇದ್ದಕ್ಕಿದ್ದ ಹಾಗೆ ಪೊದೆ ಹುಟ್ಟಿದ ಹಾಗೆ, ಇಪ್ಪತ್ತು, ಮೂವತ್ತು, ಬೂದಿ ಮೈ, ಬಿಳಿ ಕತ್ತು, ಇನ್ನೂ ಮಖಮಲ್ಲಿನಂಥ ತೊಗಲು ಬಿಡದ ಕೊಂಬು — ಕ್ಯಾರಿಬೂ, ಉತ್ತರದ ಹಿಮಜಿಂಕೆ, ಹೆಣ್ಣಿಗೂ ಕೊಂಬಿರುವ ಜಾತಿ, ಎರಡು ವರ್ಷವಾಯಿತು ಈ ಕಣಿವೆಯಲ್ಲಿ ಅವನ್ನು ಕಂಡು, ಎರಡು ವರ್ಷ, ಆಗಸ್ಟಿನ ಬಿಸಿಲಿದೆ, ಅವಳ ಎದೆಯಲ್ಲಿ ನಾಯಿಗಳನ್ನು ಜಾರುಬಂಡಿಗೆ ಕಟ್ಟುವ ಹೊತ್ತಿನ ಗಲಾಟೆ, ಒಂದೊಂದೂ ಹಗ್ಗ ಜಗ್ಗಿ ಬೊಗಳುತ್ತಿದೆ, ಬಿಡು, ಬಿಡು, ಬಿಡು, ಅವಳು ಹಲ್ಲು ಕಚ್ಚಿ ಹಗ್ಗ ಹಿಡಿದಳು.

ಮುಂದಿನವಳು ಯಾರು, ಮೊದಲು ಅವಳನ್ನು ಹುಡುಕು, ಅಂತಿದ್ದ ಸೈಲಸ್ ಮಾವ, ದುರ್ಬೀನು ಕೊಡದೆ, ಕಣ್ಣಿಂದಲೇ ನೋಡು ಪುಟ್ಟಿ, ಎಲ್ಲಾ ಒಂದೇ ಥರ ಕಾಣ್ತವೆ ಅಂತೀಯಲ್ಲ, ಚರ್ಚಿನಲ್ಲಿ ಹಾಡು ಎತ್ತೋಳು ಯಾರು ಅಂತ ಕಣ್ಣುಮುಚ್ಚಿದ್ರೂ ಗೊತ್ತಾಗಲ್ವಾ ನಿಂಗೆ, ಹಾಗೆ — ಹೌದು, ಅದೋ, ಎಡಗೊಂಬಿನ ಒಂದು ಕವಲು ಮುರಿದದ್ದು, ದಪ್ಪ ಹೊಟ್ಟೆಯ ಹಳೆಯ ಹೆಣ್ಣು, ಮಿಕ್ಕವು ಹುಲ್ಲಿಗೆ ಬಾಯಿ ಹಾಕಿದರೂ ಅವಳು ಹಾಕುತ್ತಿಲ್ಲ, ಇಳಿಜಾರಿನಲ್ಲಿ ಅಡ್ಡಡ್ಡ ಇಳಿದು, ಇನ್ನೂರು ಹೆಜ್ಜೆ ಕೆಳಗೆ, ಹೊಳೆ ಅಗಲವಾಗಿ ಹರಿಯುವಲ್ಲಿಗೆ, ಕಲ್ಲುಗುಂಡು ತುಳಿಯುತ್ತ ಬಂದಳು, ಅವುಗಳ ಕಾಲಿನ ಸದ್ದು ಗಾಳಿಯಲ್ಲಿ ಬರುತ್ತಿದೆ, ಕೀಲಿನೊಳಗಿನ ನರ ಟಿಕ್ ಟಿಕ್ ಅನ್ನುವುದು, ಕೊಡೆ ಬಿಚ್ಚಿದ ಹಾಗೆ, ನೂರು ಕೊಡೆ, ಅವಳು ನೀರಿನ ಅಂಚಿಗೆ ಬಂದು ನಿಂತಳು, ಮುಂಗಾಲು ಒಂದನ್ನು ನೀರಿಗಿಟ್ಟಳು, ತೆಗೆದಳು, ಎತ್ತಿ ಹಿಡಿದಳು, ಗೊರಸಿನಿಂದ ನೀರು ತೊಟ್ಟಿಕ್ಕಿತು. ಫೋಟೋ, ಅಂದ ವಾಲ್ಟ್ ಉಸಿರಲ್ಲಿ, ಏಳಬೇಡಿ, ಅಂದಳು ವಿನ್ನಿ, ಕೂತೇ ತೆಗೀರಿ, ತೋಳು ಕೂಡ ಮೇಲೆತ್ತಬೇಡಿ. ಎಷ್ಟು ಹೊತ್ತು? ಅವಳು ದಾಟೋ ತನಕ, ಅವಳ ಜೊತೆಗಿರೋ ಮೊದಲ ಗುಂಪು ದಾಟೋ ತನಕ. ಆಮೇಲೆ ನಾವು ಬ್ಯಾಂಡು ಬಾರಿಸಿಕೊಂಡು ಹೋದ್ರೂ ನಡಿಯುತ್ತೆ, ಮುಂದಿನವರು ಹೋದ ದಾರೀಲೇ ಮಿಕ್ಕವರು ಬರ್ತಾರೆ, ದಿನಗಟ್ಟಲೆ, ಸಾವಿರಗಟ್ಟಲೆ, ಹೆಜ್ಜೆಯ ವಾಸನೆ ಹಿಡಿದು, ಮುಂದಿನವಳನ್ನ ಈಗ ಬೆದರಿಸಿದ್ವೋ, ಹಿಂದಕ್ಕೆ ತಿರುಗ್ತಾಳೆ, ಬೇರೆ ಕಣಿವೆ ಹಿಡೀತಾಳೆ, ಹಿಂದೆ ಇರೋರೆಲ್ಲಾ ಅವಳ ಹಿಂದೆ. ವಾಲ್ಟ್ ತಲೆಯಾಡಿಸಿದ, ಕೆಂಪು ಸಿಗ್ನಲ್ಲು ಅನ್ನು, ಸರಿ, ಕೆಂಪಿದ್ದಾಗ ಅಧ್ಯಕ್ಷರು ಗಾಡೀಲಿದ್ರೂ ನಿಲ್ಲಿಸಬೇಕು, ಅಂದ, ಕೈಗಡಿಯಾರ ನೋಡಿಕೊಂಡ, ಹಳೆಯ ಅಭ್ಯಾಸ, ಹನ್ನೆರಡೂವರೆ. ಹನ್ನೆರಡೂವರೆ. ವಿಮಾನ ಮೂರಕ್ಕೆ. ಆ ವಿಮಾನ ಇಳಿಯುವ ಕಲ್ಲುದಿಣ್ಣೆ ಇರುವುದು ಕೆಳಗೆ, ಆ ಹೆಣ್ಣು ನಿಂತಿರುವ ಜಾಗ ದಾಟಿದ ಮೇಲಿನ ಮೊದಲ ತಿರುವಿನಲ್ಲಿ, ಹೋಗಬೇಕಾದರೆ ಅವಳ ಮೂಗಿನ ಕೆಳಗೇ ಹೋಗಬೇಕು.

ಮೂರು ಅಂದ್ರೆ ಮೂರು, ಅಂದಿದ್ದ ಆರ್ವಿಡ್ ಇವತ್ತು ಬೆಳಿಗ್ಗೆ ಉಪಗ್ರಹದ ಡಬ್ಬಿಯ ಸಂದೇಶದಲ್ಲಿ, ಕಂಪನಿಯ ಯಜಮಾನನೂ ಅವನೇ ಪೈಲಟ್ಟೂ ಅವನೇ, ಮೂವತ್ತು ವರ್ಷ ಈ ಬೆಟ್ಟಗಳ ಮೇಲೆ ಹಾರಿ ಒಂದು ಕಿವಿ ಕಳೆದುಕೊಂಡವನು, ವಿನ್ನಿ, ಅಡುಗೆ ಕೆಡಿಸು, ದಾರಿ ತಪ್ಪಿಸು, ರಾಫ್ಟು ಮಗುಚು, ಆಮೇಲೆ ಒಣಗಿಸ್ಕೋಬಹುದು, ವಿಮಾನ ಮಾತ್ರ ತಪ್ಪಿಸಬೇಡ, ಹಿಂದೇನೇ ಮಳೆಮೋಡ ಬರ್ತಿದೆ, ತಪ್ಪಿಸಿದ್ರೆ ನಾಲ್ಕು ದಿನ ನಾನು ಬರಕ್ಕಾಗಲ್ಲ. ಒಂಬತ್ತು ಬೇಸಿಗೆ ಅವಳು ಇನ್ನೊಬ್ಬರ ಹಿಂದೆ ಸಾಮಾನಿನ ರಾಫ್ಟು ಹೊಡೆದಿದ್ದಾಳೆ, ಪಾತ್ರೆ ತಿಕ್ಕಿದ್ದಾಳೆ, ದಕ್ಷಿಣದಿಂದ ಬಂದ ಗಡ್ಡದ ಹುಡುಗರು ಅವಳ ಅಜ್ಜನ ಬೆಟ್ಟಗಳ ಹೆಸರನ್ನು ಅವಳಿಗೇ ತಪ್ಪುತಪ್ಪಾಗಿ ಹೇಳಿಕೊಟ್ಟಿದ್ದನ್ನು ಕೇಳಿದ್ದಾಳೆ, ಇದು ಮೊದಲ ಸಲ, ಮುಖ್ಯ ಗೈಡು ವಿನ್ನಿ ಅಂತ ಕಾಗದದಲ್ಲಿ ಬರೆದು ಕೊಟ್ಟದ್ದು, ಕಾಗದ ಅಜ್ಜಿಯ ಹಾಸಿಗೆಯ ಪಕ್ಕದ ಗೋಡೆಗಿದೆ, ನಾಲ್ಕು ಮೊಳೆ ಹೊಡೆದು, ಒಂದು ಸಾಕಾಗಿತ್ತು, ಅಜ್ಜಿಗೆ ಸಾಕಾಗಲಿಲ್ಲ. ಎಷ್ಟು ಚೆನ್ನಾಗಿ ನಡೆದಿತ್ತು ಎಲ್ಲ, ನಾಲ್ಕು ದಿನ ಹೆಗಲಮೂಟೆ ಹೊತ್ತು ಕಣಿವೆಯಿಂದ ಕಣಿವೆಗೆ, ಹುಲ್ಲುಗಂಟುಗಳ ಮೇಲೆ, ಒಂದೊಂದೂ ಮನುಷ್ಯರ ತಲೆಯಷ್ಟು, ಕಾಲಿಟ್ಟರೆ ಹೊರಳುವುದು, ಲೋರ್ನಾ ಮೂರನೆಯ ದಿನ ಕೂತು ಬೂಟು ಬಿಚ್ಚಿ ಬೊಬ್ಬೆಗಳನ್ನು ನೋಡುತ್ತ, ವಾಲ್ಟ್, ನಲವತ್ತು ವರ್ಷದಲ್ಲಿ ನೀನು ನನ್ನನ್ನ ಕರ್ಕೊಂಡು ಹೋದ ಅತಿ ಕೆಟ್ಟ ಜಾಗ ಇದು, ಅಂದಳು, ಅಂದವಳೇ ನೀಲಿಹಣ್ಣು ಕೀಳಲು ಹೋಗಿ ನಾಲಗೆ ನೇರಳೆ ಮಾಡಿಕೊಂಡು ಬಂದಳು, ಆಮೇಲೆ ವಿಮಾನ ತಂದಿಳಿಸಿದ ರಾಫ್ಟಿನಲ್ಲಿ ನಾಲ್ಕು ದಿನ ಹೊಳೆ, ತಳದ ಕಲ್ಲೆಲ್ಲ ಎಣಿಸುವಷ್ಟು ತಿಳಿ ನೀರು, ಕಲ್ಲು ದಾಟಿಸುವಾಗ ಟ್ಯಾಡ್ ಹಾಕುತ್ತಿದ್ದ ಕೇಕೆ, ಒಂದು ದಿನವೂ ತಡವಿಲ್ಲ, ಒಂದು ಗಾಯವಿಲ್ಲ, ಇವತ್ತು ಕೊನೆಯ ದಿನ, ಕೊನೆಯ ಒಂದು ಮೈಲಿ. ಆ ಕೊನೆಯ ಮೈಲಿಯ ಬಾಯಲ್ಲಿ ಮುರಿದ ಕವಲಿನವಳು ನಿಂತಿದ್ದಾಳೆ, ಕಾಲು ಎತ್ತಿ ಹಿಡಿದು.

ಇಳಿ ತಾಯಿ, ಇಳಿ, ನೀರು ಅಷ್ಟೇನೂ ಇಲ್ಲ. ಆಚೆ ದಡದಿಂದ ದಾರಿ ಎಲ್ಲಿಗೆ ಹೋಗುತ್ತದೆಂದು ನಿನಗೂ ಗೊತ್ತು ನನಗೂ ಗೊತ್ತು, ಸ್ಪ್ರೂಸ್ ಮರಗಳ ಕೆಳಗೆ ಹಾದು, ಕಣಿವೆಯ ಬಾಯಿ ದಾಟಿ, ನಮ್ಮೂರಿನ ಹಿಂದಿನ ಗುಡ್ಡಕ್ಕೆ, ಅಲ್ಲಿ ಸೈಲಸ್ ಮಾವ ಕ್ಯಾನ್ವಾಸ್ ಗುಡಾರ ಹಾಕಿ ಬಂದೂಕು ಇಟ್ಟುಕೊಂಡು ಹತ್ತು ದಿನದಿಂದ ಕೂತಿದ್ದಾನೆ, ಚಹಾ ಕುಡಿದು ಕುಡಿದು ಹೊಳೆಯಾಗಿ ಹೋದೆ ಅಂತ ರೇಡಿಯೋದಲ್ಲಿ ಊರಿಗೆಲ್ಲ ಹೇಳುತ್ತ. ಹೋದ ವರ್ಷ ನೀವು ಬರಲಿಲ್ಲ. ಪೂರ್ವಕ್ಕೆ ಹೋದಿರಿ, ಗಡಿಯಾಚೆ, ಯಾಕೋ, ಯಾರಿಗೂ ಗೊತ್ತಿಲ್ಲ. ಕ್ರಿಸ್‌ಮಸ್ಸಿಗೆ ವಿಮಾನದಲ್ಲಿ ಟರ್ಕಿ ಕೋಳಿ ತರಿಸಿದರು, ಒದ್ದೆ ಕೈಗವಸು ಅಗೆದ ಹಾಗಿದೆ ಅಂದ ಮಾವ, ಊರೆಲ್ಲ ನಕ್ಕಿತು, ನಕ್ಕು ಅದನ್ನೇ ತಿಂದಿತು, ಅಜ್ಜಿ ಮಾತ್ರ ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿ, ನನಗೆ ಹಸಿವಿಲ್ಲ ಮಗಾ, ಅಂದಳು, ಆ ಚಳಿಗಾಲವೆಲ್ಲ ಅವಳಿಗೆ ಹಸಿವಿರಲಿಲ್ಲ, ಈಗ ಹಾಸಿಗೆ ಹಿಡಿದಿದ್ದಾಳೆ, ಕೇಳುವುದು ಒಂದೇ, ಮೂಳೆಯ ಸಾರು, ಒಂದು ಬಟ್ಟಲು, ಕ್ಯಾರಿಬೂ ಕಾಲಿನ ಮೂಳೆ ಒಡೆದು ಕುದಿಸಿದ್ದು, ಬಂದ್ವಾ ಅಂತ ಕೇಳುತ್ತಾಳೆ ದಿನಾ ಬೆಳಿಗ್ಗೆ, ಕೀರ್ತನೆಯ ಪುಸ್ತಕ ಎದೆಯ ಮೇಲಿಟ್ಟುಕೊಂಡು, ಬರ್ತಾವೆ ಅಜ್ಜಿ, ಹೂಂ, ಬರ್ತಾವೆ, ಕೂಗಾಡಬೇಡಿ. ಕೂಗಾಡಬೇಡಿ ಅನ್ನುವಾಗ ಅಜ್ಜಿ ವಿನ್ನಿಯ ಮುಖ ನೋಡುವುದಿಲ್ಲ, ಬೇಕೆಂದೇ ನೋಡುವುದಿಲ್ಲ, ಇಪ್ಪತ್ತು ವರ್ಷವಾಯಿತು, ಒಂದು ಸಲವೂ ನೋಡಿಲ್ಲ. ಹನ್ನೊಂದು ವರ್ಷದ ವಿನ್ನಿ, ಕೆಂಪು ಟೋಪಿ, ಗುಡ್ಡದ ಮೇಲೆ ಮಾವನ ಪಕ್ಕ ಬೋರಲು ಮಲಗಿ, ಎಲ್ಲರಿಗಿಂತ ಮೊದಲು ಕಂಡದ್ದು ಅವಳಿಗೇ, ಅವಳ ಕಣ್ಣಿಗೇ, ಸಾಲಾಗಿ, ಬೆಟ್ಟದ ಸಂದಿಯಿಂದ, ಬೆಳ್ಳಿ ಸರಪಣಿ ಎಳೆದ ಹಾಗೆ, ಖುಷಿ ಹೊಟ್ಟೆಯಿಂದ ಎದ್ದು ಗಂಟಲಿಗೆ ಬಂದು, ಬಂದ್ರು! ಅವರು ಬಂದ್ರು! — ಎದ್ದು ನಿಂತು, ಟೋಪಿ ಬೀಸಿ, ಕುಣಿದು. ಸರಪಣಿ ಮುರಿಯಿತು. ಬೆದರಿ ಓಡಲೂ ಇಲ್ಲ ಅವು, ಸುಮ್ಮನೆ ತಿರುಗಿದವು, ಬಾಗಿಲಲ್ಲಿ ಬೈಗುಳ ಕೇಳಿದ ನೆಂಟರ ಹಾಗೆ ತಿರುಗಿ ನಡೆದವು, ಅವುಗಳ ಹಿಂದೆ ಬರುತ್ತಿದ್ದ ಕಾಣದ ಸಾವಿರಗಳೂ ನಡೆದವು, ಆ ಚಳಿಗಾಲ ಊರು ಮೊಲ ತಿಂದಿತು, ಡಬ್ಬಿ ತಿಂದಿತು, ಯಾರೂ ಅವಳಿಗೆ ಒಂದು ಮಾತು ಅನ್ನಲಿಲ್ಲ, ಅದೇ ಸಹಿಸಲಾಗದ್ದು, ಮಾವ ಒಬ್ಬ ಮಾತ್ರ ಮಂಜು ಕೊಡವಿಕೊಳ್ಳುತ್ತ, ಖುಷಿಪಡಬೇಡ ಅಂತ ಯಾರೂ ಅನ್ನಲ್ಲ ಪುಟ್ಟಿ, ಅದನ್ನ ಬಾಯಲ್ಲಿ ಇಟ್ಕೊಳ್ಳೋದು ಕಲಿ, ಬಿಸಿ ಚಹಾ ಇಟ್ಕೋತೀವಲ್ಲ, ಹಾಗೆ, ಅಂದಿದ್ದ. ಈಗ ಬಾಯಿ ಸುಡುತ್ತಿದೆ. ಐವತ್ತಾದವು, ಅರವತ್ತು, ದಿಬ್ಬದ ಮೇಲೆ ಇನ್ನೂ ಕೊಂಬು, ಇನ್ನೂ, ಕೊಂಬಿಲ್ಲದ ಈ ವರ್ಷದ ಕರುಗಳು ಅಮ್ಮಂದಿರ ಹೊಟ್ಟೆಯ ಕೆಳಗೆ ನುಗ್ಗಿ ಗೊರ್ ಗೊರ್ ಅನ್ನುತ್ತಿವೆ, ನಗು ಬರುತ್ತಿದೆ ಅವಳಿಗೆ, ಅಳುವೂ, ಎರಡನ್ನೂ ಚಹಾದ ಹಾಗೆ ಹಿಡಿದಿದ್ದಾಳೆ.

ಅವಳು ಹಿಂದಕ್ಕೆ ಹೋದಳು. ಮುರಿದ ಕವಲಿನವಳು, ಗೊರಸು ಇಳಿಸಿ, ತಿರುಗಿ, ಕಲ್ಲಿನ ಮೇಲೆ ಹತ್ತು ಹೆಜ್ಜೆ ಹಿಂದಕ್ಕೆ, ಗುಂಪೆಲ್ಲ ಹಿಂದಕ್ಕೆ ಅಲೆಯಾಯಿತು, ಇಲ್ಲ, ಮತ್ತೆ ನಿಂತಳು, ಮಲಗಿದಳು! ಮಲಗಿ ಮೆಲುಕು ಹಾಕುತ್ತಿದ್ದಾಳೆ ಮಹಾರಾಣಿ, ಕಾಲು ಮಡಚಿ, ಗಂಟೆ ಒಂದೂಮುಕ್ಕಾಲು. ಟ್ಯಾಡ್ ತನ್ನ ರಾಫ್ಟಿನಿಂದ ಬಾಗಿ ಬಂದ, ಅವನ ಉಸಿರಲ್ಲಿ ಕಡಲೆಕಾಯಿ ಬೆಣ್ಣೆಯ ವಾಸನೆ, ಬಾಸು, ತಪ್ಪು ತಿಳೀಬೇಡ, ಇದು ಟ್ರಿಪ್ಪಾ ಭಾನುವಾರದ ಚರ್ಚಾ? ಎರಡೂ, ಅಂದಳು. ಅವು ದಾಟ್ಲಿ ಬಿಡ್ಲಿ, ನಾವು ಆ ಕಡೆ ದಡ ಹಿಡಿದು ಸುಮ್ನೆ ತೇಲಿಹೋದ್ರೆ ಏನು, ಪ್ರಾಣಿ ಕಣಮ್ಮಾ, ಐದು ನಿಮಿಷಕ್ಕೆ ಮರೀತವೆ. ಟ್ಯಾಡ್, ನಿಮ್ಮೂರಲ್ಲಿ ಮದುವೆ ದಿಬ್ಬಣ ಬಾಗಿಲಿಗೆ ಬಂದಾಗ ಎದುರಿಗೆ ಕಸದ ಗಾಡಿ ಓಡಿಸ್ತೀರಾ? ಕೆಲವು ಮದುವೆಗೆ ಓಡಿಸಬೇಕು ಅನ್ಸುತ್ತೆ, ಅಂದ ಅವನು, ವಾಲ್ಟ್ ಮೂಗಲ್ಲಿ ನಕ್ಕು ಕೆಮ್ಮು ಬಂದು ಟೋಪಿಯನ್ನು ಬಾಯಿಗೆ ಅದುಮಿಕೊಂಡ, ಮುಖ ಕೆಂಪಾಗಿ ಕಣ್ಣಲ್ಲಿ ನೀರು, ಆದರೂ ಸದ್ದು ಬಿಡಲಿಲ್ಲ, ಒಳ್ಳೆಯ ಮನುಷ್ಯ. ಆದರೆ ಲೋರ್ನಾ ನಗಲಿಲ್ಲ. ಲೋರ್ನಾಳ ಮಗಳಿಗೆ ದಿನ ತುಂಬಿದೆ, ಶನಿವಾರ ಅಂದಿದ್ದಾರೆ ಡಾಕ್ಟರು, ಚೊಚ್ಚಲು, ಇವತ್ತು ಬುಧವಾರ, ಇವತ್ತಿನ ವಿಮಾನ ಹಿಡಿದರೆ ಶುಕ್ರವಾರ ಮನೆ, ಇದನ್ನೆಲ್ಲ ಎಂಟು ದಿನ ಬೆಂಕಿಯ ಮುಂದೆ ಹೇಳಿದ್ದಾಳೆ, ಹೆಣೆಯುತ್ತ, ಹಳದಿ ಉಲ್ಲನ್ನಿನ ಕಾಲುಚೀಲ, ಹೆಬ್ಬೆರಳಿನಷ್ಟು. ವಿನ್ನಿಗೆ ಈಗ ಅವಳಿಗೆ ಹೇಳದೆ ಇರಲಾಗದು. ಪಾಪ ಅಂತ ಮುಚ್ಚಿಡಲೂ ಆಗದು. ಗೊತ್ತಿಲ್ಲದವರ ಹಣೆಗೆ ನಿನ್ನ ಊರಿನ ಹಸಿವನ್ನು ಕಟ್ಟಲು ನೀನ್ಯಾರೇ ವಿನ್ನಿ — ಲೋರ್ನಾ, ಅಂದಳು, ರಾಫ್ಟಿನ ತಳದಲ್ಲಿ ಮಂಡಿಯೂರಿ ಅವಳ ಕಿವಿಯ ಹತ್ತಿರ ಬಂದು, ಇವಳು ಮೂರರೊಳಗೆ ದಾಟದಿದ್ರೆ ವಿಮಾನ ವಾಪಸ್ ಕಳಿಸಬೇಕು, ಅದು ಇಳಿಯೋ ಸದ್ದೇ ಸಾಕು ಇವರನ್ನ ತಿರುಗಿಸೋಕೆ. ಕಳಿಸಿದ್ರೆ ನಾಲ್ಕು ದಿನ. ಊಟ ಇದೆ, ಮೀನಿದೆ, ಭಯವಿಲ್ಲ. ಆದರೆ ಶನಿವಾರ ಇಲ್ಲ. ನಿಮ್ಮನ್ನ ಕೇಳದೆ ಕಳಿಸಲ್ಲ ನಾನು. ನಮ್ಮೂರಿಗೆ ಮಾಂಸ ಅಂದ್ರೆ ಇವರೇ, ಹೋದ ವರ್ಷ ಬರಲೇ ಇಲ್ಲ. ಲೋರ್ನಾಳ ಕೈಯಲ್ಲಿನ್ನೂ ಅದೇ ಬಿಸ್ಕತ್ತು, ಅಂಚು ಪುಡಿಯಾಗಿ ತೊಡೆಯ ಮೇಲೆ ಉದುರಿದೆ, ನಾನು ಅವಳಿಗೆ ಮಾತು ಕೊಟ್ಟಿದ್ದೆ, ಅಂದಳು, ನನ್ನ ಮಗಳಿಗೆ, ಕೈ ಹಿಡ್ಕೋತೀನಿ ಅಂತ. ಗೊತ್ತು. ನಿನಗೆ ಗೊತ್ತಿಲ್ಲ, ನಿನಗೆ ಮಕ್ಕಳಿಲ್ಲ. ಇಲ್ಲ, ಅಂದಳು ವಿನ್ನಿ. ಹೊಳೆ ರಬ್ಬರಿನ ಕೆಳಗೆ ಕುಲುಕಿತು. ನನಗೆ ಸಿಟ್ಟು ಬಂದಿದೆ, ಅಂದಳು ಲೋರ್ನಾ, ನಿನ್ನ ಮೇಲೆ, ಆ ಮಲಗಿದವಳ ಮೇಲೆ, ಇಲ್ಲಿಗೆ ಕರ್ಕೊಂಡು ಬಂದ ಈ ಮುದುಕನ ಮೇಲೆ, ನಾಲ್ಕು ದಿನವೂ ಸಿಟ್ಟಲ್ಲೇ ಇರ್ತೀನಿ, ತಿಳ್ಕೋ, ಯಾರೂ ಸಮಾಧಾನ ಮಾಡಬಾರದು. ಕಳಿಸು. ಅವಳು ಬಿಸ್ಕತ್ತನ್ನು ಒಮ್ಮೆಗೇ ಬಾಯಿಗೆ ಹಾಕಿಕೊಂಡು ಸದ್ದಾಗದ ಹಾಗೆ, ಅಗಿಯದೆ, ನೆನೆಸಿ ನೆನೆಸಿ ನುಂಗಿದಳು, ವಿನ್ನಿಗೆ ಅವಳ ಪಾದ ಮುಟ್ಟಬೇಕೆನಿಸಿತು, ಬೊಬ್ಬೆಯ ಪಾದ, ಮುಟ್ಟಲಿಲ್ಲ.

ಎರಡೂಮುಕ್ಕಾಲು. ಉಪಗ್ರಹದ ಡಬ್ಬಿಯಲ್ಲಿ ಕಳಿಸಿದ ಸಂದೇಶಕ್ಕೆ ಉತ್ತರವಿಲ್ಲ, ಆರ್ವಿಡ್ ಆಗಲೇ ಹಾರಿರಬೇಕು, ಹಾರುವಾಗ ಅವನು ಅದನ್ನು ನೋಡುವುದಿಲ್ಲ, ಉಳಿದದ್ದು ಕೈರೇಡಿಯೋ, ಅದಕ್ಕೆ ಅವನು ಹತ್ತಿರ ಬರಬೇಕು, ಹತ್ತಿರ ಬಂದರೆ ಸದ್ದು ಬರುತ್ತದೆ, ಸದ್ದು ಬಂದರೆ — ಎದ್ದಳು, ಅವಳು ಎದ್ದಳು! ಹಿಂಗಾಲು ಮೊದಲು, ಮೈ ಕೊಡವಿ, ಬೆನ್ನಿನ ಕೂದಲು ಬಿಸಿಲಲ್ಲಿ ಹಾರಿತು, ಹಿಂದಿನವರೆಲ್ಲ ಎದ್ದರು, ಇಡೀ ದಡ ಎದ್ದು ನಿಂತ ಹಾಗೆ, ಟಿಕ್ ಟಿಕ್ ಟಿಕ್, ಬಾ ತಾಯಿ, ಮೂಗು ಮುಂದೆ ಚಾಚಿ ನೀರಿಗೆ ಬಂದಳು, ಮುಂಗಾಲು ನೀರಿಗೆ, ತೆಗೆದಳು, ಎತ್ತಿ ಹಿಡಿದಳು, ತೊಟ್ಟು, ತೊಟ್ಟು, ಆಗಲೇ ದೂರದ ಬೆಟ್ಟದ ಹಿಂದೆ ಜೇನುಗೂಡಿಗೆ ಕೈ ಹಾಕಿದಂಥ ಒಂದು ಗುಂಯ್, ಇನ್ನೂ ಸದ್ದಲ್ಲ, ಸದ್ದಿನ ವಾಸನೆ, ಅವಳ ಕಿವಿ ಆ ಕಡೆ ತಿರುಗಿತು, ನೂರು ಜೊತೆ ಕಿವಿ ಆ ಕಡೆ ತಿರುಗಿತು, ವಿನ್ನಿ ಜಾಕೀಟನ್ನು ತಲೆಯ ಮೇಲೆಳೆದು ರೇಡಿಯೋವನ್ನು ತುಟಿಗೆ ಒತ್ತಿ, ಆರ್ವಿಡ್, ನಾನು ವಿನ್ನಿ, ತಿರುಗು. ಕರಕರ. ಏನು? ತಿರುಗು, ಇಳೀಬೇಡ, ಬೆಟ್ಟ ದಾಟಬೇಡ. ಯಾರಿಗಾದ್ರೂ ಏನಾದ್ರೂ ಆಯ್ತಾ? ಇಲ್ಲ, ಎಲ್ಲಾ ಚೆನ್ನಾಗಿದ್ದಾರೆ, ಕ್ಯಾರಿಬೂ, ಮುಂದಿನವಳು ನೀರಿನಂಚಲ್ಲಿದ್ದಾಳೆ. ಕರಕರ, ಬರೀ ಕರಕರ, ಒಂದು ಕಿವಿಯ ಮನುಷ್ಯ, ಕೇಳಿಸಿತೋ ಇಲ್ಲವೋ, ಪಿಸುಮಾತಿಗಿಂತ ಜೋರು ಆಡುವಂತಿಲ್ಲ, ಜಾಕೀಟಿನ ಕತ್ತಲಲ್ಲಿ ತನ್ನದೇ ಉಸಿರು, ಹೊಗೆ, ಬೆವರು, ಮೀನು, ದೇವರೇ ಅವನ ಇನ್ನೊಂದು ಕಿವಿಯಲ್ಲಿ ಕೂತು ನೀನಾದರೂ ಹೇಳು — ವಿನ್ನಿ, ಅಂದಿತು ರೇಡಿಯೋ, ಮೆಲ್ಲಗೆ, ಅವನೂ ಪಿಸುಗುಟ್ಟುತ್ತಿದ್ದಾನೆ, ಮೂರು ಸಾವಿರ ಅಡಿ ಮೇಲೆ ಒಬ್ಬನೇ ಕೂತು ಪಿಸುಗುಟ್ಟುತ್ತಿದ್ದಾನೆ, ಆ ಮುದುಕಪ್ಪ, ಇಳಿದಳಾ, ಅಂದ. ಇನ್ನೂ ಇಲ್ಲ. ಎಷ್ಟು ಜನ ಹಿಂದೆ? ನೂರು, ದಿಬ್ಬದ ಹಿಂದೆ ಇನ್ನೂ. ಆ ಮೋಡ ನೋಡ್ತಾ ಇದೀಯಾ ನೀನು? ನೋಡ್ತಾ ಇದೀನಿ. ಭಾನುವಾರದ ತನಕ ನಾನು ಬರಲ್ಲ. ಗೊತ್ತು. ನಾನು ಏನು ಹೇಳಿದ್ದೆ ನಿಂಗೆ. ಗೊತ್ತು, ಆರ್ವಿಡ್. ಮುಖ್ಯ ಗೈಡು ಅನ್ನೋ ಮಾತು ಭಾನುವಾರ ಆಡೋಣ, ಅಂದ, ಅಂದು ಒಂದು ಬೈಗುಳ, ಯಾರಿಗೋ, ಮೋಡಕ್ಕೋ, ತನಗೋ, ಆಮೇಲೆ ಆ ಗುಂಯ್ ಹಿಗ್ಗಲಿಲ್ಲ, ಒಂದು ಕ್ಷಣ ಒಂದೇ ಸಮ ನಿಂತಿತು, ವಾಲಿತು, ತೆಳುವಾಯಿತು, ದಾರದಷ್ಟಾಯಿತು, ಮುಗಿಯಿತು.

ಜಾಕೀಟು ಸರಿಸಿದಳು, ಬೆಳಕು ಕಣ್ಣಿಗೆ ಹೊಡೆಯಿತು, ಹೋಯಿತೇನೋ, ಗೋಡೆಯ ಮೇಲಿನ ಕಾಗದ, ನಾಲ್ಕು ಮೊಳೆ, ಹೋಗಲಿ, ಇರಲಿ, ಆಮೇಲೆ, ಹೋದರೇನೋ ಅವರೂ ಅನ್ನುವ ಭಯಕ್ಕೆ ಒಂದು ಕ್ಷಣ ನೋಡಲೇ ಇಲ್ಲ, ವಾಲ್ಟ್‌ನ ಬೆನ್ನನ್ನು ನೋಡಿದಳು, ಬೆನ್ನು ಬಿಗಿಯಾಗಿ ಮುಂದಕ್ಕೆ ಬಾಗಿದೆ, ಟ್ಯಾಡ್‌ನ ಬಾಯಿ ತೆರೆದಿದೆ, ಮಾತಿಲ್ಲ ಅದರಲ್ಲಿ, ಲೋರ್ನಾ ಸಿಟ್ಟಿನ ಮುಖ ಹಾಗೇ ಇಟ್ಟುಕೊಂಡು ಕೈಯನ್ನು ಹಿಂದಕ್ಕೆ ಚಾಚಿ ವಿನ್ನಿಯ ಮಂಡಿಯನ್ನು ಹಿಡಿದುಕೊಂಡಿದ್ದಾಳೆ, ಉಗುರು ಊರುವಷ್ಟು, ಅಂದರೆ ಇದ್ದಾರೆ, ಇನ್ನೂ ಇದ್ದಾರೆ, ನೋಡು, ನೋಡಿದಳು, ಇದ್ದಾಳೆ, ಅಲ್ಲೇ, ಕವಲು ಮುರಿದವಳು, ಕಿವಿ ಎರಡೂ ಮುಂದಕ್ಕೆ, ಆಚೆ ದಡಕ್ಕೆ, ಹಿಂದಿನ ನೂರೂ ಮಿಸುಕದೆ ಅವಳ ಕಾಲನ್ನೇ ನೋಡುತ್ತಿವೆ, ಈ ನಾಲ್ವರೂ ಅವಳ ಕಾಲನ್ನೇ, ಗುಡ್ಡದಾಚೆ ಊರಿದೆ, ಹಾಸಿಗೆಯಿದೆ, ಬಟ್ಟಲಿದೆ, ಓಹಾಯೋದಲ್ಲಿ ಒಂದು ಹುಡುಗಿಯ ಖಾಲಿ ಕೈಯಿದೆ, ಎಲ್ಲ ಇದೆ, ಎಲ್ಲ ನಿಂತಿದೆ, ಗಂಟಲಲ್ಲಿ ಆ ಕೂಗು ತುಂಬಿ ನಿಂತಿದೆ, ಎತ್ತಿ ಹಿಡಿದ ಮುಂಗಾಲು, ಮಡಚಿದ ಮಂಡಿ, ಕರಿಯ ಗೊರಸು, ಸೀಳಿದ ಗೊರಸು, ಅದರ ತುದಿಯಲ್ಲಿ ಒಂದು ಹನಿ, ಬೀಳದ ಹನಿ, ಬಿಸಿಲು ಹೊಕ್ಕ ಹನಿ, ಬಿತ್ತು, ಗೊರಸು ಇಳಿಯಿತು, ನೀರಿಗೆ ಇಳಿಯಿತು, ಇಳಿದದ್ದು ಮೇಲೆ ಬರಲಿಲ್ಲ, ಮೇಲೆ ಬರಲಿಲ್ಲ, ಅದರ ಮುಂದೆ ಇನ್ನೊಂದು ಗೊರಸು, ನೀರಿಗೆ